ಬಾಲಿಗೆ ಹೋಗಿ, ಬೆಂಕಿ ಬೆಟ್ಟದ ಕಥೆ ಕೇಳಿ ಹೋಗಿ

ಆ ಫೋಟೋ ನೀವು ನೋಡೇ ಇರ್ತೀರಿ. ಎರಡಾಗಿ ಸೀಳಿದಂತೆ ನಿಂತ ಕಲ್ಲಿನ ಹೆಬ್ಬಾಗಿಲು. ನಡುವೆ ಕೈ ಹಿಡಿದು ನಿಂತ ನವದಂಪತಿ. ಹಿಂದೆ ಮೋಡದ ಮೇಲೆ ತಲೆ ಎತ್ತಿದ ಪರ್ವತ. ಕೆಳಗೆ ಗಾಜಿನಂಥ ಕೊಳ, ಅದರಲ್ಲಿ ಎಲ್ಲದರ ಪ್ರತಿಬಿಂಬ. ಮದುವೆಯಾಗಿ ಬಾಲಿಗೆ ಹನಿಮೂನ್ ಹೋದವರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಈ ಚಿತ್ರ ಇಲ್ಲದಿದ್ದರೆ ಕೇಳಿ. ಅದು ಲೆಂಪುಯಾಂಗ್ ದೇವಸ್ಥಾನ. ಪ್ರವಾಸಿಗರು ಇಟ್ಟ ಹೆಸರು ‘ಸ್ವರ್ಗದ ಬಾಗಿಲು’.

ಈಗ ಸತ್ಯ ಹೇಳ್ತೀನಿ ಕೇಳಿ. ಅಲ್ಲಿ ಕೊಳವೇ ಇಲ್ಲ. ಒಂದು ಬೊಗಸೆ ನೀರೂ ಇಲ್ಲ. ಫೋಟೋ ತೆಗೆಯುವವನು ನಿಮ್ಮ ಮೊಬೈಲ್ ಕ್ಯಾಮೆರಾದ ಕೆಳಗೆ ಒಂದು ಚಿಕ್ಕ ಕನ್ನಡಿ ಹಿಡೀತಾನೆ. ಅಷ್ಟೇ! ಆ ಕನ್ನಡಿಯ ಕೊಳಕ್ಕಾಗಿ ಜನ ಗಂಟೆಗಟ್ಟಲೆ ಕ್ಯೂ ನಿಲ್ತಾರೆ.

ಕೊಳ ಸುಳ್ಳು, ಒಪ್ಪೋಣ. ಆದರೆ ಹಿಂದೆ ಕಾಣುವ ಬೆಟ್ಟ ಸುಳ್ಳಲ್ಲ. ಅದರ ಹೆಸರು ಆಗುಂಗ್. ಮೂರು ಸಾವಿರ ಮೀಟರ್‌ಗೂ ಎತ್ತರದ ಜೀವಂತ ಜ್ವಾಲಾಮುಖಿ. ಬಾಲಿಯ ಜನರಿಗೆ ಅದು ದೇವರ ಮನೆ. ಅವರಿಗೆ ಮುಖ್ಯವಾದ ದಿಕ್ಕುಗಳು ಎರಡು. ‘ಕಾಜಾ’ ಅಂದರೆ ಬೆಟ್ಟದ ಕಡೆ, ‘ಕೆಲೋದ್’ ಅಂದರೆ ಸಮುದ್ರದ ಕಡೆ. ಮನೆಯ ದೇವರ ಗುಡಿ ಬೆಟ್ಟದ ಕಡೆಗೇ ಇರಬೇಕು. ಅಂಥ ಬೆಟ್ಟವನ್ನು ನಾವು ಫೋಟೋದ ಬ್ಯಾಕ್‌ಗ್ರೌಂಡ್ ಮಾಡಿಕೊಂಡು ಬರ್ತೀವಿ.

ಬಾಲಿಗೆ ಬರುವ ವಿದೇಶಿ ಪ್ರವಾಸಿಗರಲ್ಲಿ ಆಸ್ಟ್ರೇಲಿಯಾದವರ ನಂತರದ ಸ್ಥಾನ ಇವತ್ತು ಭಾರತೀಯರದ್ದು. ಬೆಂಗಳೂರಿನಿಂದ ನೇರ ವಿಮಾನವೂ ಬಂದಿದೆ. ಟ್ರಾವೆಲ್ ಏಜೆಂಟ್ ಕೊಡುವ ಪಟ್ಟಿ ನಿಮ್ಮ ಹತ್ತಿರ ಇದ್ದೇ ಇರುತ್ತೆ. ನಾನೂ ಒಂದು ಪಟ್ಟಿ ಕೊಡ್ತೀನಿ. ಜಾಗಗಳು ಹೆಚ್ಚುಕಡಿಮೆ ಅವೇ. ಆದರೆ ಆ ಜಾಗಗಳಲ್ಲಿ ಏನು ನಡೆದಿತ್ತು ಅನ್ನೋದು ಏಜೆಂಟ್ ಪಟ್ಟಿಯಲ್ಲಿ ಇರೋದಿಲ್ಲ.

ಬೆಸಾಕಿ: ನೂರು ವರ್ಷಕ್ಕೊಮ್ಮೆಯ ಯಜ್ಞ, ಬಾಯಿ ತೆರೆದ ಬೆಟ್ಟ

ಆಗುಂಗ್ ಬೆಟ್ಟದ ಇಳಿಜಾರಿನಲ್ಲೇ ಬೆಸಾಕಿ ಇದೆ. ಬಾಲಿಯ ದೇವಸ್ಥಾನಗಳಿಗೆಲ್ಲ ತಾಯಿಯಂಥ ದೇವಸ್ಥಾನ. ಅಲ್ಲಿ ಶತಮಾನಕ್ಕೊಮ್ಮೆ ನಡೆಯಬೇಕಾದ ಒಂದು ಮಹಾಪೂಜೆ ಇದೆ, ‘ಏಕ ದಶ ರುದ್ರ’. ಹೆಸರು ಕೇಳಿದರೇ ಗೊತ್ತಾಗುತ್ತಲ್ಲ, ನಮ್ಮ ಏಕಾದಶ ರುದ್ರರೇ. 1963ರಲ್ಲಿ ಅದನ್ನು ಮಾಡೋದು ಅಂತ ತೀರ್ಮಾನವಾಯಿತು. ಆಗ ಇಂಡೋನೇಷ್ಯಾದ ಅಧ್ಯಕ್ಷರಾಗಿದ್ದವರು ಸುಕರ್ನೋ.

ತಯಾರಿ ನಡೆದಿದ್ದಾಗಲೇ, ಫೆಬ್ರವರಿ 18ರಂದು, ನೂರಕ್ಕೂ ಹೆಚ್ಚು ವರ್ಷ ಸುಮ್ಮನಿದ್ದ ಆಗುಂಗ್ ಗುಡುಗಿತು. ಹೊಗೆ, ಬೂದಿ, ಆಮೇಲೆ ಲಾವಾ. ಇದು ಅಪಶಕುನ, ಪೂಜೆ ನಿಲ್ಲಿಸಿ ಅಂದವರಿದ್ದರು. ಪೂಜೆ ನಿಲ್ಲಲಿಲ್ಲ. ಮಾರ್ಚ್ 8ರಂದು ತಲೆಯ ಮೇಲೆ ಬೂದಿ ಉದುರುತ್ತಿದ್ದ ಹೊತ್ತಿನಲ್ಲೇ ಮುಖ್ಯ ವಿಧಿ ಮುಗಿಯಿತು. ಒಂಬತ್ತು ದಿನ ಕಳೆದು ಮಾರ್ಚ್ 17ರಂದು ಬೆಟ್ಟ ಸಿಡಿಯಿತು. ಉರಿಯುವ ಅನಿಲ ಮತ್ತು ಬೂದಿಯ ಮೋಡ ಇಳಿಜಾರಿನಲ್ಲಿ ಉರುಳಿ ಹಳ್ಳಿಗಳನ್ನೇ ನುಂಗಿತು. ಓಡಲು ಸಮಯವೇ ಇರಲಿಲ್ಲ. ಮೇ ತಿಂಗಳಲ್ಲಿ ಇನ್ನೊಂದು ಸ್ಫೋಟ. ಸತ್ತವರು ಸಾವಿರಕ್ಕೂ ಹೆಚ್ಚು. ಗದ್ದೆಗಳು ಬೂದಿಯಡಿ ಮುಚ್ಚಿಹೋಗಿ ಹಸಿವು ಶುರುವಾಯಿತು. ಊರು ಬಿಟ್ಟು ಸುಮಾತ್ರಾ, ಸುಲಾವೆಸಿ ಅಂತ ದೂರದ ದ್ವೀಪಗಳಿಗೆ ಹೋದ ಕುಟುಂಬಗಳು ಎಷ್ಟೋ. ಆ ಬೆಟ್ಟ ಆಕಾಶಕ್ಕೆ ಚಿಮ್ಮಿಸಿದ ಗಂಧಕದ ಕಣಗಳು ಭೂಮಿಯ ತಾಪಮಾನವನ್ನೇ ಸ್ವಲ್ಪ ಕಾಲ ತುಸು ಇಳಿಸಿಬಿಟ್ಟವು.

ಬೆಸಾಕಿಗೆ ಏನಾಯಿತು? ಲಾವಾದ ಹರಿವು ದೇವಸ್ಥಾನದ ಪಕ್ಕದಲ್ಲೇ ಹಾದುಹೋಯಿತು, ಗುಡಿ ಉಳಿಯಿತು. ಭಕ್ತರಿಗೆ ಅದು ಪವಾಡ. ಆದರೂ ಪೂಜೆ ಸರಿಯಾಗಲಿಲ್ಲ ಅನ್ನುವ ಅಳುಕು ಅವರನ್ನು ಬಿಡಲಿಲ್ಲ. 1979ರಲ್ಲಿ ಏಕ ದಶ ರುದ್ರವನ್ನು ಮತ್ತೆ ಮಾಡಿದರು. ಈ ಸಲ ಬೆಟ್ಟ ಸುಮ್ಮನಿತ್ತು.

2017ರಲ್ಲಿ ಅದು ಮತ್ತೆ ಹೊಗೆ ಉಗುಳಿದಾಗ ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸ್ಥಳಾಂತರ ಮಾಡಿದರು. ಕೆಲವು ದಿನ ಏರ್‌ಪೋರ್ಟ್ ಬಂದ್ ಆಗಿ ಪ್ರವಾಸಿಗರು ಸಿಕ್ಕಿಹಾಕಿಕೊಂಡರು. ಟಿವಿಯಲ್ಲಿ ನಾವೆಲ್ಲ ತೋರಿಸಿದ್ದು ಪ್ರವಾಸಿಗರ ಪರದಾಟವನ್ನು. ಹಟ್ಟಿಯಲ್ಲಿ ದನ ಬಿಟ್ಟು ಶಿಬಿರಕ್ಕೆ ಬಂದು ಕೂತ ರೈತನನ್ನು ತೋರಿಸಿದ್ದು ಕಡಿಮೆ.

ಕಿಂತಾಮಣಿ: ಕಾಫಿ ಕುಡಿಯುತ್ತಾ ನೋಡುವ ಊರು

ಹೆಸರು ನೋಡಿ ಚಿಂತಾಮಣಿ ಅಂದುಕೊಳ್ಳಬೇಡಿ, ಕಿಂತಾಮಣಿ. ರಸ್ತೆಯುದ್ದಕ್ಕೂ ಕೆಫೆಗಳು. ಗಾಜಿನ ಗೋಡೆಯ ಆಚೆ ಬಾತುರ್ ಜ್ವಾಲಾಮುಖಿ, ಅದರ ಪಕ್ಕ ಸರೋವರ. ನೀವು ಕೂತಿರೋದು ಎಲ್ಲಿ ಗೊತ್ತಾ? ಸಾವಿರಾರು ವರ್ಷಗಳ ಹಿಂದೆ ಒಂದು ದೈತ್ಯ ಜ್ವಾಲಾಮುಖಿ ಸಿಡಿದು ಕುಸಿದಾಗ ಉಳಿದ ಬಟ್ಟಲಿನ ಅಂಚಿನ ಮೇಲೆ. ಆ ಬಟ್ಟಲೊಳಗೆ ಆಮೇಲೆ ಹುಟ್ಟಿದ ಮರಿ ಬೆಟ್ಟವೇ ಬಾತುರ್. ಬೆಳಗಿನ ಜಾವ ಎದ್ದು ಟಾರ್ಚ್ ಹಿಡಿದು ಹತ್ತಿದರೆ ಮೇಲಿನಿಂದ ಸೂರ್ಯೋದಯ ಕಾಣುತ್ತೆ.

ಬಾತುರ್ ಅನ್ನೋ ಊರು ಮೊದಲು ಇದ್ದದ್ದು ಬಟ್ಟಲಿನ ಒಳಗೆ, ಬೆಟ್ಟದ ಕಾಲಬುಡದಲ್ಲಿ. 1917ರಲ್ಲಿ ದೊಡ್ಡ ಭೂಕಂಪ, ಸ್ಫೋಟ. ಲಾವಾ ಹರಿದು ಬಂದು ದೇವಸ್ಥಾನದ ಬಾಗಿಲಲ್ಲಿ ನಿಂತಿತು ಅಂತ ಊರವರು ಹೇಳ್ತಾರೆ. ದೇವಿ ಕಾಪಾಡಿದಳು ಅಂತ ಅಲ್ಲೇ ಉಳಿದರು. 1926ರಲ್ಲಿ ಮತ್ತೆ ಬಂತು. ಈ ಸಲ ನಿಲ್ಲಲಿಲ್ಲ. ಊರು ಹೂತುಹೋಯಿತು. ಜನ ಉಳಿಸಿಕೊಳ್ಳಲಾದ ದೇವರನ್ನು ಹೊತ್ತುಕೊಂಡು ಬಟ್ಟಲಿನ ಅಂಚಿಗೆ ಹತ್ತಿ ಬಂದು ಊರು, ಗುಡಿ ಎರಡನ್ನೂ ಹೊಸದಾಗಿ ಕಟ್ಟಿದರು. ಅದೇ ಇವತ್ತಿನ ಉಲುನ್ ದಾನು ಬಾತುರ್ ದೇವಸ್ಥಾನ. ಅಲ್ಲಿಯ ದೇವಿಯ ಹೆಸರು ದೇವಿ ದಾನು, ಸರೋವರದ ಒಡತಿ.

ಈ ದೇವಸ್ಥಾನವನ್ನು ಮಾತ್ರ ತಪ್ಪಿಸಬೇಡಿ. ಯಾಕೆ ಅಂದರೆ, ಬಾಲಿಯ ಅನ್ನದ ಲೆಕ್ಕ ಇರೋದು ಇಲ್ಲೇ.

ಜತಿಲುವಿ: ಕಂಪ್ಯೂಟರ್ ಕೂಡ ತಲೆಬಾಗಿದ ನೀರಿನ ಗುಡಿ

ಬಾಲಿಯ ಮೆಟ್ಟಿಲು ಗದ್ದೆಗಳ ಚೆಂದ ಹೇಳಬೇಕಾಗಿಲ್ಲ. ಜತಿಲುವಿಗೆ ಹೋದರೆ ಕಣ್ಣು ಹಾಯುವವರೆಗೆ ಹಸಿರು. ಈ ಗದ್ದೆಗಳ ಹಿಂದೆ ಒಂದು ವ್ಯವಸ್ಥೆ ಇದೆ, ‘ಸುಬಾಕ್’. ಸಾವಿರ ವರ್ಷಕ್ಕೂ ಹಳೆಯದು. ಒಂದೇ ಕಾಲುವೆಯ ನೀರು ಕುಡಿಯುವ ಗದ್ದೆಗಳ ರೈತರೆಲ್ಲ ಒಂದು ಸುಬಾಕ್. ನಮ್ಮಲ್ಲಿ ಕೆರೆಗೆ ನೀರುಗಂಟಿ ಇರ್ತಿದ್ದ ನೋಡಿ, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಅಂತ ನೋಡಿಕೊಳ್ಳುವವನು, ಅಂಥ ಕೆಲಸವನ್ನು ಇಲ್ಲಿ ರೈತರ ಸಂಘವೇ ಮಾಡುತ್ತೆ. ಪ್ರತಿ ಸುಬಾಕ್‌ಗೂ ಒಂದು ನೀರಿನ ಗುಡಿ. ಆ ಗುಡಿಗಳ ಸಾಲಿನ ತುದಿಯಲ್ಲಿ ಕಿಂತಾಮಣಿಯ ದೇವಿ ದಾನು.

ಗುಡಿಯಲ್ಲಿ ಬರೀ ಪೂಜೆ ನಡೆಯಲ್ಲ, ನಾಟಿಯ ದಿನ ನಿಗದಿಯಾಗುತ್ತೆ. ಇದರ ಮರ್ಮ ತಿಳಿದುಕೊಳ್ಳಿ. ಎಲ್ಲರೂ ಒಂದೇ ದಿನ ನಾಟಿ ಮಾಡಿದರೆ ನೀರು ಸಾಲಲ್ಲ. ಒಬ್ಬೊಬ್ಬರು ಒಂದೊಂದು ದಿನ ಮಾಡಿದರೆ ಈ ಗದ್ದೆಯ ಹುಳ ಆ ಗದ್ದೆಗೆ ಹಾರುತ್ತೆ, ಇಲಿಗಳಿಗೆ ವರ್ಷವಿಡೀ ಹಬ್ಬ. ಅದಕ್ಕೆ ಇಷ್ಟು ಊರುಗಳು ಈಗ, ಅಷ್ಟು ಊರುಗಳು ಆಮೇಲೆ ಅಂತ ಗುಡಿ ಹಂಚುತ್ತೆ. ಒಂದು ಗುಂಪಿನ ಗದ್ದೆಗಳೆಲ್ಲ ಒಟ್ಟಿಗೆ ಖಾಲಿ ಬಿದ್ದಾಗ ಹುಳಕ್ಕೆ ತಿನ್ನಲು ಏನೂ ಸಿಗದೆ ಸಾಯುತ್ತೆ. ಜ್ವಾಲಾಮುಖಿಯ ಮಣ್ಣಿನಲ್ಲಿ ಬೆಳೆಗೆ ಬೇಕಾದ ರಂಜಕ, ಪೊಟ್ಯಾಷ್ ಇದೆ. ಕಾಲುವೆ ನೀರೇ ಅದನ್ನು ಹೊತ್ತು ತಂದು ಗದ್ದೆಗೆ ಉಣಿಸುತ್ತೆ. ಕೊಲ್ಲುವ ಬೆಟ್ಟವೇ ಸಾಕುವ ಬೆಟ್ಟ ಕೂಡ.

1970ರ ದಶಕದಲ್ಲಿ ಹಸಿರು ಕ್ರಾಂತಿ ಬಂತು. ಜಕಾರ್ತಾದ ಸರ್ಕಾರ ಹೇಳಿತು, ಹೊಸ ತಳಿ ಹಾಕಿ, ರಸಗೊಬ್ಬರ ಹಾಕಿ, ಗುಡಿಯ ಮಾತು ಬಿಡಿ, ಎಷ್ಟು ಸಲ ಆಗುತ್ತೋ ಅಷ್ಟು ಸಲ ಬೆಳೆಯಿರಿ ಅಂತ. ಮೊದಲು ಇಳುವರಿ ಏರಿತು. ಆಮೇಲೆ ಕಂದು ಜಿಗಿಹುಳು ಮುತ್ತಿಕೊಂಡಿತು. ಔಷಧಿ ಹೊಡೆದಷ್ಟೂ ಹುಳ ಹೆಚ್ಚಾಯಿತು. ನೀರಿಗೂ ಜಗಳ ಶುರುವಾಯಿತು. ರೈತರು ನಮ್ಮ ಹಳೆಯ ಪದ್ಧತಿಗೇ ಬಿಡಿ ಅಂತ ಅಂಗಲಾಚಿದರು. ದೊಡ್ಡ ದೊಡ್ಡ ಸಲಹೆಗಾರರಿಗೆ ಅದು ಮೂಢನಂಬಿಕೆ ಅನ್ನಿಸಿತು.

ಆಗ ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್, ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಜೊತೆ ಸೇರಿ ಒಂದು ಕೆಲಸ ಮಾಡಿದರು. ನದಿ, ಮಳೆ, ಹುಳ, ಗದ್ದೆ ಎಲ್ಲವನ್ನೂ ಕಂಪ್ಯೂಟರ್‌ಗೆ ತುಂಬಿ ಲೆಕ್ಕ ಹಾಕಿದರು. ಯಾವ ವೇಳಾಪಟ್ಟಿಯಲ್ಲಿ ಹೆಚ್ಚು ಭತ್ತ ಬರುತ್ತೆ? ಬಂದ ಉತ್ತರ ಹೆಚ್ಚುಕಡಿಮೆ ಗುಡಿಗಳು ಶತಮಾನಗಳಿಂದ ಹೇಳುತ್ತಿದ್ದ ವೇಳಾಪಟ್ಟಿಯೇ! ಕೊನೆಗೆ ತಜ್ಞರೂ ಒಪ್ಪಿಕೊಳ್ಳಬೇಕಾಯಿತು. 2012ರಲ್ಲಿ ಯುನೆಸ್ಕೋ ಸುಬಾಕ್ ವ್ಯವಸ್ಥೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಂಬಿಕೆ ಇದ್ದಲ್ಲೆಲ್ಲ ವಿಜ್ಞಾನ ಇರುತ್ತೆ ಅಂತ ನಾನು ಹೇಳ್ತಾ ಇಲ್ಲ, ಅಂಥ ಮಾತು ವಾಟ್ಸಾಪ್‌ನಲ್ಲಿ ಬೇಕಾದಷ್ಟು ಸಿಗುತ್ತೆ. ಆದರೆ ತಲೆತಲಾಂತರದಿಂದ ನಡೆದು ಬಂದದ್ದನ್ನು ಪರೀಕ್ಷೆ ಮಾಡದೆ ಕಸದ ಬುಟ್ಟಿಗೆ ಹಾಕೋದೂ ವಿಜ್ಞಾನ ಅಲ್ಲ ಸ್ವಾಮಿ.

ದೆನ್‌ಪಸಾರ್: ಮೈದಾನದ ನಡುವಿನ ಸ್ಮಾರಕ

ದೆನ್‌ಪಸಾರ್ ರಾಜಧಾನಿ. ಅಲ್ಲಿ ಬಾಲಿ ಮ್ಯೂಸಿಯಂ ಎದುರಿಗೆ ಒಂದು ದೊಡ್ಡ ಮೈದಾನ. ಸಂಜೆ ಮಕ್ಕಳು ಆಡ್ತಿರ್ತಾರೆ. ಹೆಸರು ಪುಪುತಾನ್ ಬದುಂಗ್. ‘ಪುಪುತಾನ್’ ಅಂದರೆ ಕೊನೆ, ಎಲ್ಲ ಮುಗಿಸಿಬಿಡುವುದು.

1904ರಲ್ಲಿ ಸನೂರ್ ಕಡಲತೀರದಲ್ಲಿ ‘ಶ್ರೀ ಕುಮಲಾ’ ಅನ್ನೋ ಸಣ್ಣ ಹಡಗು ಒಡೆಯಿತು. ಸರಕು ಲೂಟಿಯಾಗಿದೆ ಅಂತ ಹಡಗಿನ ಮಾಲೀಕ ದೂರು ಕೊಟ್ಟ. ಬದುಂಗ್ ರಾಜನೇ ಪರಿಹಾರ ಕಟ್ಟಬೇಕು ಅಂದರು ಡಚ್ಚರು. ಜನ ತಪ್ಪು ಮಾಡಿಲ್ಲ, ಕಟ್ಟೋದಿಲ್ಲ ಅಂದ ರಾಜ. ಡಚ್ಚರಿಗೆ ಬೇಕಿದ್ದದ್ದು ದುಡ್ಡಲ್ಲ, ನೆಪ. ಇಡೀ ದ್ವೀಪವನ್ನು ಕೈಗೆ ತೆಗೆದುಕೊಳ್ಳುವ ನೆಪ.

1906ರ ಸೆಪ್ಟೆಂಬರ್ 20. ಫಿರಂಗಿ, ಬಂದೂಕು ಹಿಡಿದ ಡಚ್ ಸೇನೆ ಅರಮನೆಯತ್ತ ಬಂತು. ಅರಮನೆಯಲ್ಲಿ ಬೆಂಕಿ. ಬಾಗಿಲು ತೆರೆದು ಹೊರಗೆ ಬಂದದ್ದು ಸೈನ್ಯವಲ್ಲ, ಮೆರವಣಿಗೆ. ಪಲ್ಲಕ್ಕಿಯಲ್ಲಿ ರಾಜ. ಹಿಂದೆ ರಾಣಿಯರು, ಪುರೋಹಿತರು, ಆಳುಗಳು, ಮಕ್ಕಳು. ಎಲ್ಲರೂ ಬಿಳಿ ಬಟ್ಟೆಯಲ್ಲಿ, ಮೈತುಂಬ ಒಡವೆ, ಕೈಯಲ್ಲಿ ‘ಕ್ರಿಸ್’ ಎಂಬ ಕಠಾರಿ. ಡಚ್ಚರ ಎದುರು ಕೆಲವೇ ಹೆಜ್ಜೆ ದೂರದಲ್ಲಿ ಪಲ್ಲಕ್ಕಿ ನಿಂತಿತು. ರಾಜ ಸನ್ನೆ ಮಾಡಿದ. ಪುರೋಹಿತ ಅವನ ಎದೆಗೆ ಕಠಾರಿ ಚುಚ್ಚಿದ. ಆಮೇಲೆ ಒಬ್ಬರನ್ನೊಬ್ಬರು ಇರಿದುಕೊಳ್ಳುತ್ತಾ, ಸೈನಿಕರ ಮೇಲೆ ಏರಿ ಹೋಗುತ್ತಾ ಗುಂಡಿಗೆ ಬಿದ್ದರು. ತಗೊಳ್ಳಿ, ನಿಮಗೆ ಬೇಕಾದ್ದು ಇದೇ ತಾನೇ ಅನ್ನುವಂತೆ ಹೆಂಗಸರು ಸೈನಿಕರತ್ತ ಒಡವೆ, ಚಿನ್ನದ ನಾಣ್ಯ ಎಸೆದರು ಅಂತ ಹೇಳುತ್ತಾರೆ. ಒಂದೇ ದಿನ ನೂರಾರು ಹೆಣ. ಸಾವಿರ ದಾಟಿತ್ತು ಅನ್ನುವವರೂ ಇದ್ದಾರೆ. 1908ರಲ್ಲಿ ಕ್ಲುಂಗ್‌ಕುಂಗ್‌ನಲ್ಲೂ ಇದೇ ಆಯಿತು. ಅಲ್ಲಿಗೆ ಬಾಲಿಯ ಕೊನೆಯ ಸ್ವತಂತ್ರ ಅರಸೊತ್ತಿಗೆ ಮುಗಿಯಿತು. ಕ್ಲುಂಗ್‌ಕುಂಗ್‌ನಲ್ಲಿ ಕೆರ್ತಾ ಗೋಸಾ ಎಂಬ ನ್ಯಾಯಮಂಟಪ ಇನ್ನೂ ಇದೆ. ತಲೆ ಎತ್ತಿ ನೋಡಿದರೆ ಛಾವಣಿ ತುಂಬ ಪಾಪಿಗಳಿಗೆ ನರಕದಲ್ಲಿ ಸಿಗುವ ಶಿಕ್ಷೆಯ ಚಿತ್ರಗಳು.

ಈ ಸುದ್ದಿ ಯುರೋಪ್ ತಲುಪಿ ಡಚ್ಚರ ಮಾನ ಹೋಯಿತು. ಆಮೇಲೆ ಏನು ಮಾಡಿದರು ಗೊತ್ತಾ? ಬಾಲಿಯನ್ನು ‘ಕಾಪಾಡಲು’ ಹೊರಟರು! ಡಚ್ ಹಡಗು ಕಂಪನಿ ಪ್ರವಾಸಿಗರನ್ನು ಕರೆತಂದಿತು. 1928ರಲ್ಲಿ ದೆನ್‌ಪಸಾರ್‌ನಲ್ಲಿ, ಆ ಕೊಲೆಗಳು ನಡೆದ ಜಾಗದ ಹತ್ತಿರದಲ್ಲೇ, ಬಾಲಿ ಹೋಟೆಲ್ ಎದ್ದಿತು. ಕೊನೆಯ ಸ್ವರ್ಗ ಅನ್ನೋ ಪ್ರಚಾರ ಶುರುವಾದದ್ದು ಈ ರಕ್ತ ಒಣಗಿದ ಮೇಲೆ.

ಉಲುವಾಟು: ಪುರಾತನ ಅಂದುಕೊಂಡ ಕುಣಿತ

ಸಮುದ್ರದ ಮೇಲೆ ಕಡಿದಾದ ಬಂಡೆ. ಬಂಡೆಯ ತುದಿಯಲ್ಲಿ ಉಲುವಾಟು ದೇವಸ್ಥಾನ. ಸಂಜೆ ಸೂರ್ಯ ಮುಳುಗುವಾಗ ಹತ್ತಾರು ಗಂಡಸರು ವೃತ್ತವಾಗಿ ಕೂತು ‘ಚಕ್ ಚಕ್ ಚಕ್’ ಅಂತ ಶುರು ಮಾಡ್ತಾರೆ. ನಡುವೆ ರಾಮ, ಸೀತೆ, ಹನುಮಂತ. ಅದೇ ಕೆಚಕ್. ನಮ್ಮವರು ನೋಡಿ ಪುಳಕಗೊಂಡು, ಸಾವಿರಾರು ವರ್ಷ ಹಳೆಯ ರಾಮಾಯಣ ಕುಣಿತ ಅಂತ ಪೋಸ್ಟ್ ಹಾಕ್ತಾರೆ.

ಅಲ್ಲ. ರೋಗರುಜಿನ ಓಡಿಸಲು ಮೈಮೇಲೆ ಬರಿಸಿಕೊಂಡು ಕುಣಿಯುವ ‘ಸಂಗ್‌ಹ್ಯಾಂಗ್’ ಎಂಬ ಹಳೆಯ ಆಚರಣೆಯ ಗಂಡಸರ ಮೇಳವನ್ನು ತೆಗೆದುಕೊಂಡು, ಅದಕ್ಕೆ ರಾಮಾಯಣ ಸೇರಿಸಿ 1930ರ ದಶಕದಲ್ಲಿ ರೂಪಿಸಿದ ಪ್ರದರ್ಶನ ಇದು. ಬಾಲಿಯ ಕಲಾವಿದರ ಜೊತೆ ಕೈಜೋಡಿಸಿದವನು ಉಬುದ್‌ನಲ್ಲಿ ನೆಲೆಸಿದ್ದ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್. ಎರಡನೇ ಮಹಾಯುದ್ಧದಲ್ಲಿ ಡಚ್ಚರು ಅವನನ್ನು ಶತ್ರು ದೇಶದವನು ಅಂತ ಬಂಧಿಸಿದರು. 1942ರಲ್ಲಿ ಕೈದಿಗಳನ್ನು ಸಾಗಿಸುತ್ತಿದ್ದ ಹಡಗಿನ ಮೇಲೆ ಜಪಾನಿಯರು ಬಾಂಬ್ ಹಾಕಿದಾಗ ಸಮುದ್ರದಲ್ಲೇ ಸತ್ತ.

ಹೊಸದು ಅಂದ ಮಾತ್ರಕ್ಕೆ ಕೆಚಕ್ ಕಡಿಮೆಯಾಗೋದಿಲ್ಲ, ಖಂಡಿತ ನೋಡಿ. ಆದರೆ ಬಾಲಿಯನ್ನು ‘ನಮ್ಮ ಭಾರತದ ಒಂದು ತುಂಡು’ ಅಂತ ನೋಡುವ ಕನ್ನಡಕ ಸ್ವಲ್ಪ ತೆಗೆದಿಡಿ. ಅಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಜನ ಹಿಂದೂಗಳು, ನಿಜ. ಆದರೆ ಅವರ ಧರ್ಮದಲ್ಲಿ ಬೆಟ್ಟ ಇದೆ, ಪೂರ್ವಜರಿದ್ದಾರೆ, ಎಲ್ಲಕ್ಕಿಂತ ಹೆಚ್ಚಾಗಿ ತೀರ್ಥ ಇದೆ. ಅವರೇ ಅದನ್ನು ‘ಆಗಮ ತೀರ್ಥ’ ಅಂತ ಕರೆಯೋದುಂಟು. ನಮ್ಮಿಂದ ಪಡೆದದ್ದನ್ನು ಅವರು ಅವರದ್ದೇ ಮಾಡಿಕೊಂಡಿದ್ದಾರೆ.

ಸನೂರ್: ಒಂದು ಶಾಸನ, ಒಂದು ಹೋಟೆಲ್, ಒಂದು ಮೌನ

ಸನೂರ್ ಕಡಲತೀರದ ಊರು. ಅಲ್ಲಿ ಬ್ಲಾಂಜೊಂಗ್ ಅನ್ನೋ ಕಡೆ ಒಂದು ಗಿಡ್ಡ ಕಂಬ ಇದೆ, ಗಾಜಿನ ಪೆಟ್ಟಿಗೆಯೊಳಗೆ. ಪ್ರವಾಸಿಗರು ಹೋಗೋದು ಕಡಿಮೆ. ಶ್ರೀ ಕೇಸರಿ ವರ್ಮದೇವ ಎಂಬ ರಾಜ ಹಾಕಿಸಿದ ಶಾಸನ. ಕಾಲ ಶಕ 835, ಅಂದರೆ ಸುಮಾರು ಕ್ರಿ.ಶ. 914. ಆಗ ನಮ್ಮಲ್ಲಿ ರಾಷ್ಟ್ರಕೂಟರ ಆಳ್ವಿಕೆ, ಪಂಪ ಇನ್ನೂ ತನ್ನ ಕಾವ್ಯ ಬರೆದಿರಲಿಲ್ಲ. ಆ ಕಂಬದ ಮೇಲೆ ಸಂಸ್ಕೃತವೂ ಇದೆ, ಹಳೆಯ ಬಾಲಿ ಭಾಷೆಯೂ ಇದೆ. ನಾವು ಪಂಚಾಂಗದಲ್ಲಿ ಶಾಲಿವಾಹನ ಶಕೆ ಅಂತ ಓದ್ತೀವಲ್ಲ, ಅದೇ ಲೆಕ್ಕ.

ಅದೇ ಸನೂರ್‌ನಲ್ಲಿ ಬಾಲಿ ಬೀಚ್ ಹೋಟೆಲ್ ಎದ್ದಿತು, ಹತ್ತು ಮಹಡಿ. ಜಪಾನ್ ಕೊಟ್ಟ ಯುದ್ಧ ಪರಿಹಾರದ ಹಣದಲ್ಲಿ ಕಟ್ಟಿದ್ದು, ಉದ್ಘಾಟನೆ 1966ರಲ್ಲಿ. ಅದನ್ನು ನೋಡಿ ಬೇಸರಗೊಂಡ ಜನ, ಇನ್ನು ಮುಂದೆ ಯಾವ ಕಟ್ಟಡವೂ ತೆಂಗಿನಮರಕ್ಕಿಂತ ಎತ್ತರ ಇರಬಾರದು ಅಂತ ನಿಯಮ ತಂದರು. ಈ ಕಥೆಯನ್ನು ಗೈಡ್‌ಗಳು ಖುಷಿಯಿಂದ ಹೇಳ್ತಾರೆ.

ಹೇಳದ ಕಥೆ ಇನ್ನೊಂದಿದೆ. ಆ ಹೋಟೆಲ್ ಬಾಗಿಲು ತೆರೆಯುವ ಕೆಲವೇ ತಿಂಗಳ ಹಿಂದೆ ಬಾಲಿಯಲ್ಲಿ ಏನಾಗಿತ್ತು? 1965ರ ಕೊನೆಯಲ್ಲಿ ಜಕಾರ್ತಾದಲ್ಲಿ ಅಧಿಕಾರ ಸುಹಾರ್ತೋ ನೇತೃತ್ವದ ಸೇನೆಯ ಕಡೆ ವಾಲಿತು. ಕಮ್ಯುನಿಸ್ಟರು ಅಂತ ಹಣೆಪಟ್ಟಿ ಹಚ್ಚಿ ದೇಶಾದ್ಯಂತ ಬೇಟೆ. ಬಾಲಿಯಲ್ಲಿ ಕೆಲವೇ ತಿಂಗಳಲ್ಲಿ ಸುಮಾರು 80 ಸಾವಿರ ಜನರನ್ನು ಕೊಂದರು ಅನ್ನೋದು ಇತಿಹಾಸಕಾರರ ಅಂದಾಜು. ದ್ವೀಪದ ಜನಸಂಖ್ಯೆಯ ಸುಮಾರು ಶೇಕಡ 5. ಇಪ್ಪತ್ತು ಜನರಲ್ಲಿ ಒಬ್ಬರು! ಕೊಂದವರೂ ಬಾಲಿಯವರೇ, ಸತ್ತವರೂ ಬಾಲಿಯವರೇ. ಹಿಂದೆ ನಿಂತದ್ದು ಸೇನೆ. ಜಮೀನಿನ ಜಗಳ, ಹಳೆಯ ದ್ವೇಷ ಎಲ್ಲ ಅದರಲ್ಲಿ ತೀರಿದವು. ಹೆಣಗಳನ್ನು ಹೂತ ಕಡಲತೀರಗಳ ಮೇಲೆ ಇವತ್ತು ರೆಸಾರ್ಟ್‌ಗಳಿವೆ.

2002ರ ಅಕ್ಟೋಬರ್ 12ರಂದು ಕುಟಾದ ನೈಟ್ ಕ್ಲಬ್‌ಗಳಲ್ಲಿ ಉಗ್ರರು ಬಾಂಬ್ ಇಟ್ಟರು. ಸತ್ತವರು 202. ಅಲ್ಲಿ ಸ್ಮಾರಕ ಇದೆ, ಪ್ರತಿಯೊಬ್ಬರ ಹೆಸರೂ ಕಲ್ಲಿನ ಮೇಲಿದೆ. ಇರಲೇಬೇಕು. ಆದರೆ 80 ಸಾವಿರ ಜನರಿಗೆ ಅಂಥ ಕಲ್ಲಿಲ್ಲ. ಯಾಕೆ? ಆಮೇಲೆ ಬಂದ ಆಡಳಿತಕ್ಕೆ ಬೇಕಿದ್ದದ್ದು ನಗುವ ಬಾಲಿ. 1969ರಲ್ಲಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಬಂತು. 1971ರಲ್ಲಿ ವಿದೇಶಿ ತಜ್ಞರ ಪ್ರವಾಸೋದ್ಯಮ ಯೋಜನೆ, ಆಮೇಲೆ ನುಸಾ ದುವಾದ ಐಷಾರಾಮಿ ಹೋಟೆಲ್‌ಗಳು. ಸ್ವರ್ಗದ ಪೋಸ್ಟರ್ ಮೇಲೆ ಸ್ಮಶಾನಕ್ಕೆ ಜಾಗ ಇರಲಿಲ್ಲ. ಜಗತ್ತಿನ ಬೆಳಗು ಅಂತ ಬಾಲಿಯನ್ನು ಬಣ್ಣಿಸಿದ ಮಾತೊಂದು ನಮ್ಮ ನೆಹರೂ ಹೆಸರಿನಲ್ಲೇ ಓಡಾಡುತ್ತೆ. ಆ ಬೆಳಗಿಗೂ ಒಂದು ಕತ್ತಲ ರಾತ್ರಿ ಇತ್ತು.

ಹೋಗುವವರಿಗೆ ಎರಡು ಮಾತು

ಹಾಗಾದರೆ ಬಾಲಿಗೆ ಹೋಗಬಾರದಾ? ಹೋಗಿ. ಅವರ ಅನ್ನ ಇವತ್ತು ಪ್ರವಾಸಿಗರ ಮೇಲೇ ನಿಂತಿದೆ. ಕೋವಿಡ್ ಕಾಲದಲ್ಲಿ ವಿಮಾನ ನಿಂತಾಗ ಹೋಟೆಲ್ ಕೆಲಸದವರು ಎಷ್ಟೋ ಮಂದಿ ಊರಿನ ಗದ್ದೆಗೆ, ಸಮುದ್ರಕ್ಕೆ ಮರಳಿದರು. ಪ್ರಶ್ನೆ ಏನಂದರೆ, ಮುಂದಿನ ಸಲ ಮರಳಲು ಗದ್ದೆ ಉಳಿದಿರುತ್ತಾ? ಸುಮಾರು 44 ಲಕ್ಷ ಜನರ ದ್ವೀಪಕ್ಕೆ 2024ರಲ್ಲಿ 60 ಲಕ್ಷಕ್ಕೂ ಹೆಚ್ಚು ವಿದೇಶಿಯರು ಬಂದಿದ್ದಾರೆ. ಗದ್ದೆ ಇದ್ದಲ್ಲಿ ವಿಲ್ಲಾ ಏಳ್ತಿದೆ, ಪ್ರತಿ ವಿಲ್ಲಾಗೂ ಒಂದು ಈಜುಕೊಳ. ಮೇಲಿನ ಗದ್ದೆ ಮಾರಾಟವಾಗಿ ಕಾಲುವೆ ಮುಚ್ಚಿದರೆ ಕೆಳಗಿನ ರೈತನಿಗೆ ನೀರಿಲ್ಲ. ಲಾವಾವನ್ನು, ಡಚ್ಚರನ್ನು, ಹಸಿರು ಕ್ರಾಂತಿಯ ಹುಳವನ್ನು ತಡೆದುಕೊಂಡ ಸುಬಾಕ್, ನಮ್ಮ ನಿಮ್ಮ ರಜೆಯನ್ನು ತಡೆದುಕೊಳ್ಳುತ್ತಾ ಅನ್ನೋದೇ ಈಗಿನ ಪ್ರಶ್ನೆ. 2024ರ ಫೆಬ್ರವರಿಯಿಂದ ಪ್ರತಿ ವಿದೇಶಿ ಪ್ರವಾಸಿಯಿಂದ ಒಂದೂವರೆ ಲಕ್ಷ ರುಪಯ್ಯಾ ತೆರಿಗೆ ತಗೋತಿದ್ದಾರೆ. ಗಾಬರಿಯಾಗಬೇಡಿ, ಅವರ ದುಡ್ಡಲ್ಲಿ. ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಗಿಂತ ಕಡಿಮೆಯೇ. ಗೊಣಗದೆ ಕಟ್ಟಿ.

ಆಗುವುದಾದರೆ ‘ನ್ಯೆಪಿ’ ಹೊತ್ತಿಗೆ ಹೋಗಿ. ಅದು ಅವರ ಶಕ ವರ್ಷದ ಹೊಸ ವರ್ಷ. ನಮ್ಮ ಯುಗಾದಿಯ ಆಸುಪಾಸಿಗೇ ಬರುತ್ತೆ, 2023ರಲ್ಲಂತೂ ಎರಡೂ ಒಂದೇ ದಿನ, ಮಾರ್ಚ್ 22ರಂದು ಬಂದವು. ನಾವು ಹೋಳಿಗೆ ತಿಂದು ಗಲಾಟೆ ಮಾಡಿಕೊಂಡು ಆಚರಿಸ್ತೀವಿ, ಅವರು ಇಡೀ ದಿನ ಮೌನದಲ್ಲಿ. ಬೆಂಕಿ ಹಚ್ಚುವಂತಿಲ್ಲ, ದೀಪ ಹಾಕುವಂತಿಲ್ಲ, ಕೆಲಸವಿಲ್ಲ, ಮನೆಯಿಂದ ಹೊರಗೆ ಕಾಲಿಡುವಂತಿಲ್ಲ. ವಿಮಾನ ನಿಲ್ದಾಣವೇ 24 ಗಂಟೆ ಬಂದ್. ಮೊಬೈಲ್ ಇಂಟರ್‌ನೆಟ್ ಇಲ್ಲ. ಟಿವಿಯೂ ಇಲ್ಲ! ನಮ್ಮಂಥವರ ಬಾಯಿಗೂ ಒಂದು ದಿನ ಬೀಗ.

ಆ ರಾತ್ರಿ ದ್ವೀಪದಲ್ಲಿ ಬೆಳಕೇ ಇರೋದಿಲ್ಲ. ಹೋಟೆಲ್ ಅಂಗಳದಲ್ಲಿ ನಿಂತು ತಲೆ ಎತ್ತಿದರೆ ನಕ್ಷತ್ರ ಕಾಣುತ್ತೆ, ಕೆಳಗೆ ಗದ್ದೆಗೆ ಹರಿಯುವ ನೀರಿನ ಸದ್ದು ಕೇಳುತ್ತೆ. ಆಗ ಫೋನ್ ಎತ್ತಬೇಡಿ. ಬಾಲಿಯನ್ನು ಇಷ್ಟು ದಿನ ಉಳಿಸಿರೋದು ಆ ನೀರು. ಅದರ ಸದ್ದು ಕೇಳಿಸಿಕೊಂಡು ಬನ್ನಿ.